ಕಳ್ಳರನ್ನು ಬಿಟ್ಟು ನನ್ನನ್ನೇ ತಡೆದ ಸ್ವಿಚ್ ಸಾಹೇಬರಿಗೆ

ಶ್ರೀಮಾನ್ ಗುಪ್ತ ಸ್ವಿಚ್ ಸಾಹೇಬರ ಸನ್ನಿಧಾನಕ್ಕೆ,
ಬಿಳಿ ಕಾರಿನೊಳಗೆ ಎಲ್ಲೋ ಒಂದು ಕಡೆ,
ಕಮರಿಪೇಟೆ, ಹುಬ್ಬಳ್ಳಿ.

ಮಾನ್ಯರೇ,

ತಾವು ಕಾರಿನ ಯಾವ ಮೂಲೆಯಲ್ಲಿ ವಿರಾಜಮಾನರಾಗಿದ್ದೀರಿ ಎಂಬುದು ಬಹುಕಾಲ ನನಗೆ ತಿಳಿಯದಿದ್ದ ಕಾರಣ, ಬಾನೆಟ್ಟಿಗೊಂದು, ಡಿಕ್ಕಿಗೊಂದು, ಎಡಬಲದ ಬಾಗಿಲುಗಳಿಗೆ ಒಂದೊಂದು ನಮಸ್ಕಾರ ಹಾಕಿ ನನಗೆ ರೂಢಿಯಾಗಿದೆ. ಅದೇ ರೂಢಿಯಂತೆ ಇಂದೂ ನಮಸ್ಕಾರಗಳನ್ನು ಅರ್ಪಿಸಿ, ತಮ್ಮ ಸ್ಪ್ರಿಂಗು, ತಮ್ಮ ತಾಮ್ರದ ಕಾಲುಗಳು ಹಾಗೂ ತಮ್ಮ ಮೌನ ಕ್ಷೇಮವಾಗಿವೆ ಎಂದು ನಂಬಿ, ಈ ಅಹವಾಲನ್ನು ಊರವರೆಲ್ಲರ ಸಮಕ್ಷಮ ತಮಗೆ ಸಲ್ಲಿಸುತ್ತಿದ್ದೇನೆ.

ನನ್ನ ಪರಿಚಯ ತಮಗೆ ಇರಲಾರದು, ಏಕೆಂದರೆ ನಮ್ಮಿಬ್ಬರಿಗೂ ಪರಿಚಯವಾಗಬಾರದೆಂದೇ ತಮ್ಮನ್ನು ನೇಮಿಸಲಾಗಿತ್ತು. ನಾನು ರಾಜೇಶ್ವರಿ. ತಾರಿಹಾಳದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ತಾವು ಅಡಗಿದ್ದ ಕಾರು ನನ್ನ ಹೆಸರಿನಲ್ಲಿದೆ. ಐವತ್ತು ಹತ್ತಿರ ಬಂದ ಮೇಲೆ ಹಟ ಹಿಡಿದು ಗಾಡಿ ಕಲಿತವಳು ನಾನು. ಕಲಿಯುವಾಗ ಬೈಪಾಸಿನ ಲಾರಿಗಳು ನನ್ನನ್ನು ಕಂಡು ಬದಿಗೆ ಸರಿದು ನಿಲ್ಲುತ್ತಿದ್ದವು. ಈಗ ಕಮರಿಪೇಟೆಯ ನಮ್ಮ ಓಣಿಯಿಂದ, ಒಂದು ಎಮ್ಮೆ ಹೊರಬರಲು ಯೋಚಿಸುವಂಥ ಓಣಿಯಿಂದ, ಗಾಡಿಯನ್ನು ಹಿಮ್ಮುಖವಾಗಿ ತೆಗೆದುಕೊಂಡು ಹೋಗಬಲ್ಲೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ, ದಯವಿಟ್ಟು ಹಾಗೆಯೇ ಸ್ವೀಕರಿಸಬೇಕು.

ತಮ್ಮ ನೇಮಕಾತಿಯ ಹಿನ್ನೆಲೆ ಹೀಗಿದೆ. ನಮ್ಮ ಯಜಮಾನರಾದ ಶಿವಯೋಗೀಶ ಅವರು ಹತ್ತಿ ವ್ಯಾಪಾರಿಗಳು. ಹಾಕಿದ ಬೀಗವನ್ನು ಒಮ್ಮೆ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ನಡೆದು, ಮರಳಿ ಬಂದು ಮತ್ತೊಮ್ಮೆ ಜಗ್ಗುವ ಸ್ವಭಾವದವರು. ಕಳೆದ ವರ್ಷ ಅವರ ದೊಡ್ಡಪ್ಪನ ಮಗನ ಕಾರು ಗಬ್ಬೂರಿನ ಹತ್ತಿರದ ಕಲ್ಯಾಣ ಮಂಟಪವೊಂದರ ಎದುರಿನಿಂದ, ಒಳಗೆ ಅಕ್ಷತೆ ಬೀಳುತ್ತಿದ್ದ ಹೊತ್ತಿನಲ್ಲಿಯೇ ಮಾಯವಾಯಿತು. ಆ ಮದುವೆಯ ಊಟವನ್ನು ಯಜಮಾನರು ಅರ್ಧಕ್ಕೇ ಬಿಟ್ಟೆದ್ದು ಬಂದು ನಮ್ಮ ಗಾಡಿಯ ಪಕ್ಕದಲ್ಲಿ ಕೈಕಟ್ಟಿ ನಿಂತರು. ಮುಂದಿನ ವಾರವೇ ಗಬ್ಬೂರ ಕ್ರಾಸಿನ ಗಾಡಿ ಎಲೆಕ್ಟ್ರಿಷಿಯನ್ ಯಲ್ಲೇಶನನ್ನು ಕರೆಸಿ, ನಾನು ಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ನಡೆಸುತ್ತಿದ್ದ ದಿನವನ್ನೇ ಆರಿಸಿಕೊಂಡು, ತಮ್ಮ ಪ್ರತಿಷ್ಠಾಪನೆಯನ್ನು ನೆರವೇರಿಸಿದರು.

ತಮ್ಮ ಕಾರ್ಯವೈಖರಿಯ ಬಗ್ಗೆ ನನ್ನಲ್ಲಿ ಅಪಾರ ಗೌರವವಿದೆ. ಟಾಕಿಯಿಂದ ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಪಂಪಿನ ತಂತಿಯನ್ನು ನಡುವೆ ಕತ್ತರಿಸಿ, ಆ ಎರಡು ತುದಿಗಳ ಮಧ್ಯೆ ತಮ್ಮನ್ನು ಕೂರಿಸಲಾಯಿತು. ತಾವು ಆಫ್ ಆಗಿದ್ದರೆ ಬೀಗದ ಕೈ ತಿರುಗಿಸಿದಾಗ ಎಂಜಿನ್ನು ಗರಗರ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕಳ್ಳನು ಗಾಡಿ ಕೆಟ್ಟಿದೆಯೆಂದು ಬೈದುಕೊಂಡು ಬೇರೆ ಓಣಿಗೆ ಹೋಗುತ್ತಾನೆ. ಹತ್ತನೆಯ ತರಗತಿಯ ಮಕ್ಕಳಿಗೆ ಮುರಿದ ಮಂಡಲದಲ್ಲಿ ವಿದ್ಯುತ್ ಹರಿಯದು ಎಂದು ವರ್ಷಗಟ್ಟಲೆ ಕಲಿಸಿದ ನನಗೆ, ಇಷ್ಟು ಸರಳ ತತ್ತ್ವದಿಂದ ಒಂದು ಸಂಸಾರವನ್ನೂ ನಿಲ್ಲಿಸಬಹುದೆಂದು ಹೊಳೆದಿರಲಿಲ್ಲ.

ಸಂಜೆ ನಾನು ಗಾಡಿ ತಂದು ನಿಲ್ಲಿಸಿ ಒಳಗೆ ಹೋದ ಮೇಲೆ ಯಜಮಾನರು ತಮ್ಮನ್ನು ಆಫ್ ಮಾಡುವರು. ಬೆಳಿಗ್ಗೆ ನಾನು ಸೀರೆ ಉಟ್ಟು, ಡಬ್ಬಿ ಕಟ್ಟಿಕೊಂಡು, ಗಾಡಿಯ ಬಳಿ ನಿಂತು ಅವರನ್ನು ಕರೆಯುವೆನು. ಅವರು ಬಂದು ಡ್ರೈವರ್ ಸೀಟಿನಲ್ಲಿ ಕೂತು, ನನ್ನತ್ತ ತಿರುಗಿ, "ಸ್ವಲ್ಪ ಆಕಡೆ ನೋಡು" ಎನ್ನುವರು. ನಾನು ಎದುರುಮನೆಯ ಗೋಡೆಯನ್ನು ನೋಡುವೆನು. ಟಕ್ ಎಂದೊಂದು ಸದ್ದಾಗುವುದು. ಅನಂತರ ನನ್ನ ಗಾಡಿ ನನ್ನದಾಗುವುದು.

ಮೊದಲ ದಿನವೇ ನಾನು ಕೇಳಿದ್ದೆ, "ನನಗ್ಯಾಕ ಹೇಳಂಗಿಲ್ರಿ? ನಾ ಏನ್ ನನ್ನ ಗಾಡಿ ನಾನ ಕದಕೊಂಡು ಓಡಿ ಹೋಗಾಕಿ ಏನು?"

"ಹಂಗಲ್ಲ. ನಿನಗ ಹೇಳಿದ್ರ ಸಾಲಿ ಮಾಸ್ತರಗೋಳಿಗೆ ಗೊತ್ತಾಕೈತಿ. ಸಾಲ್ಯಾಗ ಗೊತ್ತಾದ್ರ ತಾರಿಹಾಳಕ್ಕೆಲ್ಲಾ ಗೊತ್ತಾಕೈತಿ. ಗುಟ್ಟು ಅಂದ್ರ ಒಬ್ಬರ ಕಡೆ ಇರಬೇಕು" ಎಂದರು. ಇದನ್ನು ಅವರು ಬಹಳ ಪ್ರೀತಿಯಿಂದಲೇ ಹೇಳಿದರು ಎಂಬುದನ್ನು ದಾಖಲಿಸುವುದು ನನ್ನ ಕರ್ತವ್ಯ.

ನಾನು ತಮ್ಮ ದರ್ಶನಕ್ಕಾಗಿ ಪ್ರಯತ್ನಿಸಲಿಲ್ಲವೆಂದು ತಾವು ಭಾವಿಸಬಾರದು. ಯಜಮಾನರು ಅಂಗಡಿಗೆ ಹೋದಾಗ ಕಾಲುಚಾಪೆ ಎತ್ತಿದೆ, ಸೀಟಿನ ಕೆಳಗೆ ಕೈಯಾಡಿಸಿದೆ, ಸ್ಟಿಯರಿಂಗಿನ ಅಡಿಯಲ್ಲಿ ಬ್ಯಾಟರಿ ಬಿಟ್ಟು ನೋಡಿದೆ. ಸಿಕ್ಕಿದ್ದು ನನ್ನದೇ ಒಂದು ತಲೆಪಿನ್ನು, ಎರಡು ಸೀಮೆಸುಣ್ಣದ ತುಂಡು ಮತ್ತು ಸೊಂಟನೋವು. ಕೊನೆಗೆ ಯಲ್ಲೇಶನ ಅಂಗಡಿಗೇ ಹೋದೆ. ಆತ ಕೈಯಲ್ಲಿದ್ದ ಟೆಸ್ಟರನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದ. "ಅಕ್ಕಾರ, ನನ್ನ ಕೇಳಬ್ಯಾಡ್ರಿ. ಸಾಹುಕಾರ್ರು ಅಜ್ಜನ ಮಠದ ಕಡೆ ಮಾರಿ ಮಾಡಿ ನಿಂದರಿಸಿ ಆಣಿ ಹಾಕಿಸ್ಯಾರ್ರಿ" ಎಂದ. ದೇವರ ಹೆಸರಿನಲ್ಲಿ ಬಾಯಿ ಮುಚ್ಚಿಸಿದವರ ಬಾಯಿ ತೆರೆಸುವುದು ನನ್ನಂಥವಳಿಂದ ಆಗದ ಕೆಲಸವೆಂದು ಹಿಂತಿರುಗಿದೆ.

ಒಮ್ಮೆ ಯಜಮಾನರು ಹತ್ತಿ ಖರೀದಿಗೆಂದು ನಸುಕಿನ ರೈಲು ಹಿಡಿದು ಗದಗಕ್ಕೆ ಹೋಗಿಬಿಟ್ಟರು. ತಮ್ಮನ್ನು ಆನ್ ಮಾಡಲು ಮರೆತಿದ್ದರು. ನಾನು ಫೋನು ಮಾಡಿದರೆ, "ಫೋನಿನ್ಯಾಗ ಹೇಳೂದಲ್ಲ ಅದು, ಯಾರರೆ ಕೇಳತಿರ್ತಾರ" ಎಂದು ಇಟ್ಟುಬಿಟ್ಟರು. ಅಂದು ಮಂಡಳಿ ಪರೀಕ್ಷೆಯ ಮೊದಲ ದಿನ. ನಾನು ಸಿಟಿ ಬಸ್ಸಿನಲ್ಲಿ ಒಂದೇ ಕಾಲ ಮೇಲೆ ನಿಂತು ಶಾಲೆ ಸೇರಿದಾಗ ಮಕ್ಕಳು ನನಗಿಂತ ಮೊದಲೇ ಸಾಲಾಗಿ ನಿಂತಿದ್ದರು. ಗೇಟಿನಲ್ಲಿ ಮುಖ್ಯಾಧ್ಯಾಪಕರು, "ಟೀಚರ, ಗಾಡಿ ಕೆಟ್ಟೈತೇನ್ರಿ?" ಎಂದು ಕೇಳಿದರು. "ಇಲ್ರಿ ಸರ, ಬಾಳ ಭದ್ರ ಐತಿ" ಎಂದೆ.

ಆ ಹೊತ್ತಿನಲ್ಲಿಯೇ ತಮ್ಮಲ್ಲಿ ಕೆಲವು ವಿನಂತಿಗಳನ್ನು ಮಾಡಿಕೊಳ್ಳಬೇಕೆಂದಿದ್ದೆ. ತಮ್ಮ ಬಳಿ ಬಂದ ಕೈ ಕಳ್ಳನದೋ ಮನೆಯೊಡತಿಯದೋ ಎಂದು ಬಳೆಯ ಸದ್ದಿನಿಂದ ಗುರುತಿಸುವ ಶಕ್ತಿಯನ್ನು ತಾವು ಬೆಳೆಸಿಕೊಳ್ಳಬೇಕು. ಬಳೆ ತೊಟ್ಟ ಕಳ್ಳಿ ಬಂದರೆ ಕಾಲುಂಗುರವನ್ನೂ ಪರೀಕ್ಷಿಸಬೇಕು. ಅದೂ ಸಾಲದಿದ್ದರೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ರೊಟ್ಟಿ ಬಡಿದ ಅಂಗೈ ಎಂದು ಮುಟ್ಟಿ ನೋಡಿಯಾದರೂ ನನಗೊಂದು ದೃಢೀಕರಣ ಕೊಡಬೇಕು. ತಾವು ಸೇವೆಯಲ್ಲಿದ್ದಷ್ಟು ಕಾಲ ಒಬ್ಬ ಕಳ್ಳನೂ ನಮ್ಮ ಓಣಿಯ ಕಡೆ ಸುಳಿಯಲಿಲ್ಲ. ತಾವು ಯಶಸ್ವಿಯಾಗಿ ತಡೆದ ಏಕೈಕ ವ್ಯಕ್ತಿ ನಾನು ಎಂಬುದನ್ನು ತಮ್ಮ ಸಾಧನೆಯಾಗಿ ಎಲ್ಲಾದರೂ ಕೆತ್ತಿಸಲು ನನ್ನ ಅಭ್ಯಂತರವಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಗೊಣಗಿಕೊಂಡು ಗೋಡೆ ನೋಡುತ್ತ ಇದ್ದುಬಿಡುತ್ತಿದ್ದೆ. ಆದರೆ ಆ ಭಾನುವಾರ ಬಂತು.

ಬೆಳಗಿನ ಅವಲಕ್ಕಿ ತಿಂದು ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ ಯಜಮಾನರು ಪೇಪರನ್ನು ಮಡಚದೆ ಕೆಳಗೆ ಬಿಟ್ಟರು. ಮಡಚದೆ ಬಿಡುವವರಲ್ಲ ಅವರು. ಹೋಗಿ ನೋಡಿದರೆ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಎಡಗೈಯನ್ನು ಬಲಗೈಯಿಂದ ಒತ್ತಿ ಹಿಡಿದಿದ್ದರು. "ಏನಾಗಾಕತ್ತೈತ್ರಿ?" ಎಂದರೆ, "ಏನಿಲ್ಲ, ಗ್ಯಾಸ್ ಆಗೇತಿ" ಎಂದರು. ತುಟಿ ಬಿಳಿಚಿಕೊಂಡಿತ್ತು. ಗ್ಯಾಸಿಗೆ ತುಟಿ ಬಿಳಿಚುವುದಿಲ್ಲವೆಂದು ತಿಳಿಯಲು ವಿಜ್ಞಾನ ಶಿಕ್ಷಕಿಯೇ ಆಗಬೇಕಿಲ್ಲ. ಎದುರುಮನೆಯ ಶಿದ್ದಪ್ಪನವರನ್ನು ಕೂಗಿದೆ. ಇಬ್ಬರೂ ಹಿಡಿದು ಅವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನಾನು ಕೂತು ಬೀಗದ ಕೈ ತಿರುಗಿಸಿದೆ. ಎಂಜಿನ್ನು ಗರಗರ ಸುತ್ತಿತು. ಹೊತ್ತಿಕೊಳ್ಳಲಿಲ್ಲ.

ತಾವು ಕರ್ತವ್ಯದಲ್ಲಿದ್ದಿರಿ.

ಸದ್ದಿಗೆ ಓಣಿಯೆಲ್ಲ ನೆರೆಯಿತು. "ದೂಡೂಣೇನ್ರಿ ಅಕ್ಕಾರ?" ಎಂದು ನಾಲ್ಕು ಜನ ಹಿಂದೆ ನಿಂತು ದೂಡಿಯೇ ಬಿಟ್ಟರು. ಪೆಟ್ರೋಲೇ ಬರದ ಎಂಜಿನ್ನನ್ನು ಧಾರವಾಡದವರೆಗೆ ದೂಡಿದರೂ ಅದು ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ಗಾಡಿಯಿಂದಿಳಿದು ಹಿಂದಿನ ಬಾಗಿಲು ತೆಗೆದು ಅವರ ಮುಖದ ಹತ್ತಿರ ಬಾಗಿ, "ಎಲ್ಲೈತಿ ಹೇಳ್ರಿ, ಲಗೂ ಹೇಳ್ರಿ" ಎಂದೆ.

ಅವರು ಕಣ್ಣು ತೆರೆದರು. ನನ್ನನ್ನು ನೋಡಿದರು, ನನ್ನ ಹಿಂದಿದ್ದ ಜನರನ್ನು ನೋಡಿದರು. ಉಸಿರು ಕೂಡಿಸಿಕೊಂಡು, "ಇವರನ್ನ ಆಕಡೆ ಕಳಸು" ಎಂದರು.

"ಯಾರನ್ರಿ?"

"ಎಲ್ಲಾರನ್ನೂ."

ಮಾನ್ಯರೇ, ತಮ್ಮ ಗೌರವಾರ್ಥ ಅಂದು ನಮ್ಮ ಓಣಿಯಲ್ಲಿ ನಡೆದದ್ದನ್ನು ತಾವು ಆಶ್‌ಟ್ರೇಯ ಹಿಂದಿನಿಂದ ಕಂಡಿರಲಾರಿರಿ, ಆದ್ದರಿಂದ ವಿವರಿಸುತ್ತೇನೆ. (ತಮ್ಮ ವಿಳಾಸ ನನಗೆ ಹೇಗೆ ತಿಳಿಯಿತೆಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ.) ನಾನು ಕೈಮುಗಿದು, "ಎಲ್ಲಾರೂ ಒಂದೀಟು ಗ್ವಾಡಿ ಕಡೆ ಮಾರಿ ಮಾಡ್ರಿ, ನಿಮ್ಮ ಕಾಲ ಬೀಳತೇನಿ" ಎಂದೆ. ಕಾರಣ ಯಾರಿಗೂ ಅರ್ಥವಾಗಲಿಲ್ಲ, ಆದರೂ ಹಿರಿಯರು ಕಿರಿಯರೆನ್ನದೆ ಎಲ್ಲರೂ ಗೋಡೆಗಳತ್ತ ತಿರುಗಿ ನಿಂತರು. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಟಿದ್ದವನೊಬ್ಬ ಏನೋ ಶೋಕಾಚರಣೆಯೆಂದು ಭಾವಿಸಿ, ಇಳಿದು, ತಲೆಯ ಟವೆಲ್ಲು ತೆಗೆದು, ತಾನೂ ಗೋಡೆಯತ್ತ ನಿಂತ. ನಾನು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ. ಅವರು ಹೇಳಿದರು:

"ನೀನೂ ಆಕಡೆ ನೋಡು. ನಾನ ಎದ್ದು ಹಚ್ಚತೇನಿ."

ಏಳಲು ಮೊಣಕೈ ಊರಿದರು. ಊರಿದ ಕೈ ಜಾರಿತು, ಮರಳಿ ಸೀಟಿನ ಮೇಲೆ ಬಿದ್ದರು. ಆ ಒಂದು ಕ್ಷಣ ನನಗೆ ಅವರ ಮೇಲೆ ಬಂದ ಸಿಟ್ಟು, ಅವರು ಹೋಗಿಬಿಡುತ್ತಾರೇನೋ ಎಂಬ ಭಯಕ್ಕಿಂತ ದೊಡ್ಡದಾಗಿತ್ತು. ಮರುಕ್ಷಣವೇ ಭಯ ದೊಡ್ಡದಾಯಿತು.

ಗೋಡೆಯತ್ತ ತಿರುಗದವರು ಓಣಿಯಲ್ಲಿ ಒಬ್ಬರೇ ಇದ್ದರು, ಮೂಲೆಮನೆಯ ತಸ್ಲೀಮಾ. ತನ್ನ ಮನೆತನದ ಬೇಕರಿಯ ಬ್ರೆಡ್ಡು, ಖಾರಿ ಬಿಸ್ಕತ್ತುಗಳನ್ನು ವ್ಯಾನಿನಲ್ಲಿ ತಾನೇ ಅಂಗಡಿಗಳಿಗೆ ಮುಟ್ಟಿಸುವ ಹೆಣ್ಣುಮಗಳು. ಆಕೆಯ ವ್ಯಾನಿನ ಬೀಗದ ಕೈ ಸದಾ ವ್ಯಾನಿನಲ್ಲಿಯೇ ತೂಗುತ್ತಿರುತ್ತದೆ. ಯಜಮಾನರು ಒಮ್ಮೆ, "ಯಾರರೆ ಒಯ್ದಾರವಾ" ಎಂದು ಎಚ್ಚರಿಸಿದಾಗ ಆಕೆ, "ಒಯ್ದ್ರ ಬ್ರೆಡ್ ಹಂಚಿ ತಂದು ಬಿಡ್ಲಿ ಬಿಡ್ರಿ ಅಣ್ಣಾರ, ನನಗೂ ಒಂದಿನಾ ಸೂಟಿ" ಎಂದಿದ್ದಳು. ಈಗ ಆಕೆ ವ್ಯಾನನ್ನು ನಮ್ಮ ಕಾರಿನ ಮೂತಿಗೆ ಮೂತಿ ಹಚ್ಚಿ ತಂದು ನಿಲ್ಲಿಸಿ, ಖಾರಿಯ ಟ್ರೇಗಳನ್ನು ಎರಡೂ ಕೈಯಿಂದ ಓಣಿಗೆ ಎಳೆದು ಹಾಕಿ, "ರಾಜಕ್ಕಾ, ಅದನ್ನ ಬಿಡ್ರಿ, ಗಾಡಿ ಚಾಲೂ ಐತಿ, ಅಣ್ಣಾರನ್ನ ತರ್ರಿ" ಎಂದು ಕೂಗಿದಳು. ಗೋಡೆ ನೋಡುತ್ತಿದ್ದವರೆಲ್ಲ ತಿರುಗಿ ಅವರನ್ನು ಎತ್ತಿದರು. ವ್ಯಾನಿನ ನೆಲದ ಮೇಲೆ, ಬೆಣ್ಣೆಯ ಘಮದಲ್ಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಯಜಮಾನರು ವಿದ್ಯಾನಗರದ ಆಸ್ಪತ್ರೆ ತಲುಪಿದರು. ದಾರಿಯುದ್ದಕ್ಕೂ ತಸ್ಲೀಮಾಳ ಎಡಗೈ ಹಾರ್ನಿನ ಮೇಲಿಂದ ಏಳಲಿಲ್ಲ.

ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ನಡುವೆ ಕಟ್ಟಿಕೊಂಡಿದೆ, ಸ್ಟೆಂಟ್ ಹಾಕಬೇಕು ಎಂದು ವೈದ್ಯರು ಹೇಳಿದರು. "ಪಂಪ್ ಛಲೋ ಐತಿ, ಅದಕ್ಕ ಹೋಗೋ ಲೈನ್ ಕಟ್ ಆಗೇತಿ ಅಷ್ಟ" ಎಂದು ನನಗೆ ಅರ್ಥವಾಗುವಂತೆ ವಿವರಿಸಿದರು. ನನಗೆ ಬೇಕಾದುದಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದೂ ಹೇಳಿದರು. ಆ ಮಾತನ್ನು ತಮ್ಮ ಅವಗಾಹನೆಗೆ ಪ್ರತ್ಯೇಕವಾಗಿ ತರುತ್ತಿದ್ದೇನೆ.

ಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಮರುದಿನ ಬೆಳಿಗ್ಗೆ ನಾನು ಗಂಜಿ ಹಿಡಿದು ವಾರ್ಡಿನ ಬಾಗಿಲಿಗೆ ಹೋದಾಗ ಋತುಜಾ ಎಂಬ ನರ್ಸ್ ಹುಡುಗಿ ನನ್ನನ್ನು ಕಂಡು ನಗುತ್ತ ಬಂದಳು.

"ಆಂಟೀ, ನಿಮ್ಮ ಕಾರಿನ ಆಶ್‌ಟ್ರೇ ಪೂರಾ ಹೊರಗ ಎಳೀಬೇಕಂತ್ರಿ. ಅದರ ಹಿಂದ ಕೆಂಪು ಸ್ವಿಚ್ ಐತಂತ. ಅಂಕಲ್ ಇಂಜೆಕ್ಷನ್ ಮಂಪರಿನ್ಯಾಗ ನಿನ್ನೆ ಸಂಜಿತನಾ ಅದನ್ನ ಹೇಳಿದ್ರು."

"ಯಾರಿಗೆ ಹೇಳಿದ್ರವಾ?"

"ನನಗ ಹೇಳಿದ್ರು, ಡಾಕ್ಟರಿಗೆ ಹೇಳಿದ್ರು, ಇಸಿಜಿ ತಗಿಯೋರಿಗೆ ಹೇಳಿದ್ರು. ಬಾಜೂ ಕಾಟಿನ ಕಾಕಾರಿಗಂತೂ ಕೈ ಹಿಡಕೊಂಡು ಹೇಳಿದ್ರು."

ಬಾಜೂ ಮಂಚದ ಕಾಕಾ ನವಲಗುಂದ ಕಡೆಯವರು. ಮೂಗಿಗೆ ಆಮ್ಲಜನಕದ ನಳಿಗೆ ಇದ್ದರೂ ನನ್ನತ್ತ ತಲೆಯಲ್ಲಾಡಿಸಿ, "ಜಾಗಾ ಛಲೋ ಹುಡಕ್ಯಾರ ಬಿಡವಾ, ಯಾವ ಕಳ್ಳಗೂ ಹೊಳ್ಯಾಂಗಿಲ್ಲ" ಎಂದು ಮೆಚ್ಚುಗೆ ಸೂಚಿಸಿದರು. ನಮ್ಮ ಮನೆತನದಲ್ಲಿ ಯಾರೂ ಬೀಡಿ ಸಿಗರೇಟು ಮುಟ್ಟಿದವರಲ್ಲ. ಕಾರು ಕೊಂಡ ದಿನದಿಂದ ಆ ಆಶ್‌ಟ್ರೇಯನ್ನು ನಾನು ತೆರೆದೇ ಇರಲಿಲ್ಲ. ನಾನು ಆಸ್ಪತ್ರೆಯ ಮೊಗಸಾಲೆಗೆ ಬಂದು ಬೆಂಚಿನ ಮೇಲೆ ಕೂತು ನಗಲು ಶುರುಮಾಡಿದೆ. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಪಕ್ಕದಲ್ಲಿ ಕೂತವರು ನನಗೆ ನೀರಿನ ಬಾಟಲಿ ಕೊಟ್ಟರು.

ಮಧ್ಯಾಹ್ನ ಮನೆಗೆ ಹೋಗಿ ಆಶ್‌ಟ್ರೇಯನ್ನು ಎಳೆದೆ. ತಾವಿದ್ದಿರಿ. ನನ್ನ ಹೆಬ್ಬೆರಳಿನ ಉಗುರಿನಷ್ಟು ಕೂಡ ಇಲ್ಲದ ತಮ್ಮನ್ನು ಒತ್ತಿದೆ, ಗಾಡಿ ಶುರುವಾಯಿತು. ನಾನು ಎಲ್ಲಿಗೂ ಹೋಗದೆ, ಎಂಜಿನ್ನು ಓಡುತ್ತಿರಲು ಬಿಟ್ಟು, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದೆ.

ಬಿಡುಗಡೆಯ ದಿನ ಗಾಲಿಕುರ್ಚಿಯಲ್ಲಿ ಹೊರಬಂದ ಯಜಮಾನರಿಗೆ ಆಸ್ಪತ್ರೆಯ ಮುಂದೆ ನಮ್ಮ ಕಾರು ಸಣ್ಣಗೆ ಗುನುಗುತ್ತ ನಿಂತದ್ದು ಕಂಡಿತು. ಒಳಗೆ ಕೂತ ಮೇಲೆ ಮೆಲ್ಲಗೆ ಕೇಳಿದರು, "ಯಾರ ಹೇಳಿದ್ರು?"

"ನೀವ ಹೇಳೀರಿ."

"ನಿನಗ?"

"ನನಗಲ್ರಿ. ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರಿಗೂ ಹೇಳೀರಿ."

ಹೊಸೂರ ಕ್ರಾಸು ಬಂತು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಮುಂದಿನ ಬಸ್ಸಿನ ಹಿಂಭಾಗವನ್ನು ನೋಡುತ್ತ ಹೇಳಿದರು. "ಮೊದಲ ನೀ ನಿನ್ನ ಪಾಡಿಗೆ ಗಾಡಿ ತಕ್ಕೊಂಡು ಹೊಕ್ಕಿದ್ದಿ. ಹೊಕ್ಕೇನಿ ಅಂತ ಬಾಗಲದಾಗ ನಿಂತು ಒಂದ ಮಾತು ಹೇಳತಿದ್ದಿಲ್ಲ. ಆ ಸ್ವಿಚ್ ಹಚ್ಚಿದ ಮ್ಯಾಲ ದಿನಾ ಮುಂಜಾನೆ ಹೆಸರ ಹಿಡದಂಗ ಕರೀತಿದ್ದಿ."

ಈ ಸಂಗತಿ ತಮಗೆ ಮೊದಲೇ ತಿಳಿದಿತ್ತೇ? ತಿಳಿದಿದ್ದರೆ ತಾವು ಬಾಯಿ ಬಿಡದೆ ಕೂತದ್ದಕ್ಕೆ ನನ್ನ ವಿಶೇಷ ಆಕ್ಷೇಪಣೆಯಿದೆ. ಹಸಿರು ದೀಪ ಬಿದ್ದು ಹಿಂದಿನವರು ಹಾರ್ನ್ ಹೊಡೆಯತೊಡಗಿದರೂ ನನಗೆ ಗೇರು ಹಾಕಲು ಕೈ ಬರಲಿಲ್ಲ. ಕೊನೆಗೆ, "ಅಷ್ಟಕ್ಕ ತಂತಿ ಯಾಕ ಕತ್ತರಸ್ಬೇಕಿತ್ರಿ? ಬಾ, ಕೂಡಿ ಚಹಾ ಕುಡಿಯೂಣು ಅಂದಿದ್ರ ನಾ ಕೂಡತಿದ್ದಿಲ್ಲೇನು?" ಎಂದೆ. ಅವರು, "ಗಾಡಿ ಬಿಡು, ಹಿಂದಿನವ ಬಯ್ಯಾಕತ್ತಾನ" ಎಂದರು. ನಾನು ಬಿಟ್ಟೆ.

ಮುಂದಿನ ತಿಂಗಳು ಇಬ್ಬರೂ ಕೂಡಿಯೇ ಗಬ್ಬೂರ ಕ್ರಾಸಿಗೆ ಹೋದೆವು. ಯಲ್ಲೇಶ ನನ್ನನ್ನು ಕಂಡು ಮತ್ತೆ ಕೈ ಜೋಡಿಸುವುದರೊಳಗೆ ಯಜಮಾನರೇ, "ಆಣಿ ಬಿಟ್ಟಿತೋ ಮಾರಾಯಾ, ಅದನ್ನ ತಗದ ಹಾಕು" ಎಂದರು. ಎರಡು ತಂತಿಗಳ ತುದಿ ಕೂಡಿಸಿ ಟೇಪು ಸುತ್ತಲು ಯಲ್ಲೇಶನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಈಗ ಗಾಡಿಗೆ ಓಣಿಯವರು ಕಾವಲಿದ್ದಾರೆ, ಸ್ಟಿಯರಿಂಗಿಗೆ ಎಲ್ಲರಿಗೂ ಕಾಣುವಂಥ ಒಂದು ಕಬ್ಬಿಣದ ಬೀಗವಿದೆ, ಅದರ ಕೈ ಇಬ್ಬರ ಬಳಿಯೂ ಇದೆ. ತಮ್ಮನ್ನು ಅಂದೇ ಗುಪ್ತ ಸೇವೆಯಿಂದ ಬಿಡುಗಡೆಗೊಳಿಸಿ, ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ವರ್ಗಾಯಿಸಲಾಗಿದೆ. ಅಲ್ಲಿ ತಮ್ಮನ್ನು ಹಲಗೆಯೊಂದರ ಮೇಲೆ, ಒಂದು ಬಲ್ಬಿನ ಪಕ್ಕದಲ್ಲಿ, ಇಡೀ ತರಗತಿಗೆ ಕಾಣುವಂತೆ ಜೋಡಿಸಿದ್ದೇನೆ. ಮಕ್ಕಳು ಒತ್ತುತ್ತಾರೆ, ದೀಪ ಹತ್ತುತ್ತದೆ. ಈ ವರ್ಗಾವಣೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ತಾವು ಸ್ವತಂತ್ರರು, ಆದರೆ ಮೇಲ್ಮನವಿಯ ಅಧಿಕಾರಿ ನಾನೇ.

ಹಳೆಯ ಹುದ್ದೆಯಲ್ಲಿ ತಾವು ತೋರಿದ ನಿಷ್ಠೆಗೆ, ಗಂಡನ ಮಾತನ್ನು ಹೆಂಡತಿಗೆ ತಿಳಿಸದ ತಮ್ಮ ಸಂಯಮಕ್ಕೆ, ಹೃದಯಾಘಾತದಂಥ ಸಣ್ಣಪುಟ್ಟ ಕಾರಣಗಳಿಗೆ ನಿಯಮ ಸಡಿಲಿಸದ ತಮ್ಮ ಶಿಸ್ತಿಗೆ ಮತ್ತೊಮ್ಮೆ ತಲೆಬಾಗಿ,

ತನ್ನ ಮೇಲೆ ಯಾರೂ ವಿಶ್ವಾಸವಿಡದಿದ್ದರೂ ಹೀಗೆ ಬರೆಯುವ ವಾಡಿಕೆ ಬಿಡಲಾರದ,
ತಮ್ಮ ವಿಶ್ವಾಸಿ,
ರಾಜೇಶ್ವರಿ

ತಾ.ಕ.: ಹೃದಯದ ವೈದ್ಯರು ಯಜಮಾನರಿಗೆ ಕರಿದ ಪದಾರ್ಥಗಳನ್ನು ಸಂಪೂರ್ಣ ಬಿಡಿಸಿ, ದಿನಾ ಸಂಜೆ ನಡೆದಾಡಲು ಹೇಳಿದ್ದಾರೆ. ಅವರು ಕಟ್ಟುನಿಟ್ಟಾಗಿ ನಡೆಯುತ್ತಾರೆ, ನಡೆದು ನೇರವಾಗಿ ಮೂಲೆಯ ಮಿರ್ಚಿಭಜಿ ಗಾಡಿಯ ಮುಂದೆ ನಿಲ್ಲುತ್ತಾರೆ. ಎಣ್ಣೆ ಕುದಿಯುತ್ತಿರುತ್ತದೆ, ಮಿರ್ಚಿ ತೇಲುತ್ತಿರುತ್ತದೆ, ಅಕ್ಕಪಕ್ಕದವರೆಲ್ಲ ತಿನ್ನುತ್ತಿರುತ್ತಾರೆ, ಆದರೂ ಇವರು ಕೈ ಚಾಚಿದೊಡನೆ ಗಾಡಿಯವನು, "ಮುಗದಾವ್ರಿ ಸಾಹುಕಾರ್ರ" ಎನ್ನುತ್ತಾನಂತೆ. ದಿನಾಲೂ ಹೀಗೇಕೆ ಆಗುತ್ತಿದೆಯೆಂದು ಅವರು ಬಹಳ ತಲೆಕೆಡಿಸಿಕೊಂಡಿದ್ದಾರೆ. ಕಾರಣ ನನಗೆ ಗೊತ್ತಿದೆ, ಶಿದ್ದಪ್ಪನವರಿಗೆ ಗೊತ್ತಿದೆ, ತಸ್ಲೀಮಾಳಿಗೆ ಗೊತ್ತಿದೆ, ಇಡೀ ಓಣಿಗೆ ಗೊತ್ತಿದೆ. ಅವರೊಬ್ಬರಿಗೆ ಮಾತ್ರ ಹೇಳಿಲ್ಲ.